ಗಂಟಿನ ಮಾತನ್ನು ಕೊನೆಯ ಸಾಲಿಗೆ ಇಟ್ಟಿದ್ದೀರಿ

ಪ್ರಶ್ನೆ: ನನಗೆ 43 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯವಳು. ಹೊಲಮನೆ ಕೆಲಸದ ಜೊತೆಗೆ ಟೈಲರಿಂಗ್ ಮಾಡುತ್ತೇನೆ. ಹೋದ ತಿಂಗಳು ನಮ್ಮೂರ ಆಶಾ ಕಾರ್ಯಕರ್ತೆ ಮನೆಗೆ ಬಂದು, 30 ದಾಟಿದ ಹೆಂಗಸರೆಲ್ಲ ಉಪಕೇಂದ್ರಕ್ಕೆ ಬನ್ನಿ, ಸ್ತನ ಕ್ಯಾನ್ಸರ್ ತಪಾಸಣೆ ಇದೆ ಎಂದರು. ನಮ್ಮ ಅತ್ತೆ "ಇಲ್ಲದ ರೋಗ ಹುಡುಕಿಕೊಂಡು ಹೋಗೋದ್ಯಾಕೆ?" ಎಂದು ಬಾಗಿಲಿಂದಲೇ ಕಳಿಸಿಬಿಟ್ಟರು. ನಿಜ ಹೇಳಬೇಕೆಂದರೆ ನನಗೂ ಹಗುರವೆನಿಸಿತು. ನಮ್ಮ ಚಿಗವ್ವನಿಗೆ ಇದೇ ಕಾಯಿಲೆ ಬಂದಿತ್ತು. ಒಂದೂವರೆ ವರ್ಷ ಯಾರಿಗೂ ಹೇಳದೆ ನಾಟಿ ಔಷಧ ಹಚ್ಚಿಕೊಂಡಿದ್ದಳು. ಕೊನೆಗೆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ನೋಡಿದರು, ಆಪರೇಷನ್ ಆಯಿತು, ಎಂಟು ತಿಂಗಳಲ್ಲಿ ತೀರಿಕೊಂಡಳು. ಸೂಜಿ ಚುಚ್ಚಿದ್ದಕ್ಕೇ ಮೈಯೆಲ್ಲ ಹರಡಿತು ಎನ್ನುತ್ತಾರೆ ನಮ್ಮ ಕಡೆ. ಮಗಳ ಬಿ.ಕಾಂ. ಮುಗಿಯುತ್ತ ಬಂತು, ಸಂಬಂಧ ನೋಡುತ್ತಿದ್ದೇವೆ. ಈಗ ನನ್ನ ಹೆಸರು ಆಸ್ಪತ್ರೆಯ ಪಟ್ಟಿಯಲ್ಲಿ ಬಂದರೆ ಜನ ಏನೆಂದಾರು? ತಪಾಸಣೆಗೆ ಹೋಗಲೇಬೇಕಾ? ಗಂಡಸು ಡಾಕ್ಟರ್ ಇದ್ದರೆ ಏನು ಮಾಡಲಿ? ಎರಡು ತಿಂಗಳಿಂದ ಎಡಗಡೆ ಎದೆಯಲ್ಲಿ, ಕಂಕುಳ ಕಡೆಗೆ, ಅವರೆಕಾಳಿಗಿಂತ ಸ್ವಲ್ಪ ದೊಡ್ಡ ಗಂಟು ಕೈಗೆ ತಾಕುತ್ತಿದೆ. ನೋವೇನೂ ಇಲ್ಲ.
– ಹೆಸರು ಬೇಡ

ಉತ್ತರ: ನಿಮ್ಮ ಕಾಗದದ ಕೊನೆಯ ಸಾಲುಗಳಿಂದಲೇ ಶುರು ಮಾಡುತ್ತೇನೆ. ಅತ್ತೆ, ಚಿಗವ್ವ, ಮಗಳು, ಊರು ಎಲ್ಲರ ಸುದ್ದಿ ಬರೆದು ಮುಗಿಸಿದ ಮೇಲೆ ನಿಮ್ಮ ಮೈಯ ಸುದ್ದಿ ಬರೆದಿದ್ದೀರಿ. ಕೌನ್ಸೆಲಿಂಗ್ ಕೊಠಡಿಯಲ್ಲೂ ಇದನ್ನೇ ನೋಡುತ್ತೇನೆ. ಎಷ್ಟೋ ಹೆಣ್ಣುಮಕ್ಕಳು ಎದ್ದು ಹೊರಟು, ಬಾಗಿಲ ಹತ್ತಿರ ನಿಂತು, "ಇನ್ನೊಂದು ಮಾತು ಮೇಡಂ" ಎಂದು ಬಂದ ಕಾರಣವನ್ನು ಹೇಳುತ್ತಾರೆ. ನೀವು ಹೇಳಿದಿರಲ್ಲ, ಅದೇ ದೊಡ್ಡದು.

ಆಶಾ ಅವರು ಕರೆದದ್ದು ಯಾವ ತೊಂದರೆಯೂ ಇಲ್ಲದ ಹೆಂಗಸರನ್ನು. ಹೋಗಲೇಬೇಕಾ ಎಂದು ಅಂಥವರು ಕೇಳಬಹುದು, ಯೋಚಿಸಬಹುದು, ಮುಂದಿನ ಸಲ ನೋಡೋಣ ಎನ್ನಬಹುದು. ನಿಮಗೆ ಆ ಪ್ರಶ್ನೆಯೇ ಇಲ್ಲ. ಕೈಗೆ ಗಂಟು ಸಿಕ್ಕಿದೆ, ಎರಡು ಮುಟ್ಟು ಕಳೆದರೂ ಕರಗಿಲ್ಲ. ಉಪಕೇಂದ್ರದ ಮುಂದಿನ ತಪಾಸಣೆಗೆ ಕಾಯುತ್ತ ಕೂರಬೇಡಿ. ಈ ವಾರವೇ ಜಿಲ್ಲಾ ಆಸ್ಪತ್ರೆಗೆ ಹೋಗಿ, ಚೀಟಿ ಮಾಡಿಸುವಾಗ "ಸರ್ಜರಿ ವಿಭಾಗ, ಎದೆಯಲ್ಲಿ ಗಂಟು" ಎಂದು ಹೇಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಜನ್ ಇದ್ದರೆ ಅಲ್ಲಿಂದಲೂ ಶುರು ಮಾಡಬಹುದು.

ಗಾಬರಿಪಡಿಸಲು ಹೇಳುತ್ತಿಲ್ಲ. ಎದೆಯಲ್ಲಿ ಸಿಗುವ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ನೀರು ತುಂಬಿದ ಗುಳ್ಳೆಗಳಿರುತ್ತವೆ, ಫೈಬ್ರೊಅಡಿನೋಮ ಎಂಬ ನಿರಪಾಯದ ಗಡ್ಡೆಗಳಿರುತ್ತವೆ, ಹಾರ್ಮೋನ್ ಏರಿಳಿತದಿಂದ ಗಟ್ಟಿಯಾದ ಭಾಗಗಳಿರುತ್ತವೆ. ಆದರೆ ನಿಮ್ಮದು ಯಾವುದು ಎಂದು ಮುಟ್ಟಿ ನೋಡಿ ಖಚಿತವಾಗಿ ಹೇಳಲು ಅನುಭವಿ ಸರ್ಜನ್‌ಗೂ ಆಗುವುದಿಲ್ಲ, ಕಾಗದ ಓದಿದ ನನಗಂತೂ ಆಗುವುದೇ ಇಲ್ಲ. "ನೋವೇನೂ ಇಲ್ಲ" ಎಂದು ಸಮಾಧಾನಕ್ಕೆ ಬರೆದಿದ್ದೀರಿ. ಸ್ತನ ಕ್ಯಾನ್ಸರ್‌ನ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ನೋವು ಬಂದಾಗ ತೋರಿಸಿದರಾಯಿತು ಎಂದುಕೊಂಡು ನಮ್ಮ ಹೆಣ್ಣುಮಕ್ಕಳು ಕಳೆದುಕೊಳ್ಳುವ ತಿಂಗಳುಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1,92,000 ಹೆಂಗಸರಿಗೆ ಹೊಸದಾಗಿ ಈ ಕಾಯಿಲೆ ಪತ್ತೆಯಾಯಿತು, ಸುಮಾರು 98,000 ಮಂದಿ ತೀರಿಕೊಂಡರು. ಬೇಗ ಸಿಕ್ಕರೆ ಗುಣವಾಗುವ ಕಾಯಿಲೆಯಲ್ಲಿ ಇಷ್ಟೊಂದು ಸಾವು ಆಗುತ್ತಿರುವುದಕ್ಕೆ ದೊಡ್ಡ ಕಾರಣ, ಬಂದವರು ತಡವಾಗಿ ಬಂದದ್ದು.

ಇನ್ನು ಚಿಗವ್ವನ ವಿಷಯ. ನೀವೇ ಬರೆದದ್ದನ್ನು ಇನ್ನೊಮ್ಮೆ ಓದಿಕೊಳ್ಳಿ. ಒಂದೂವರೆ ವರ್ಷ ಆಕೆ ಯಾರಿಗೂ ಹೇಳಲಿಲ್ಲ. ಸೂಜಿ ಚುಚ್ಚುವ ಹೊತ್ತಿಗೆ ಕಾಯಿಲೆಗೆ ಅಷ್ಟು ಕಾಲಾವಕಾಶ ಸಿಕ್ಕಾಗಿತ್ತು. ಊರಿನವರ ಕಣ್ಣಿಗೆ ಬಿದ್ದದ್ದು ಸೂಜಿ, ಆಪರೇಷನ್, ಆಮೇಲೆ ಸಾವು. ಸೆರಗಿನ ಮರೆಯಲ್ಲಿ ಕಳೆದ ಆ ಒಂದೂವರೆ ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ, ಹಾಗಾಗಿ ಅಪವಾದ ಸೂಜಿಯ ಮೇಲೆ ಬಂತು. ಸೂಜಿ ಪರೀಕ್ಷೆಯಿಂದ ಕಾಯಿಲೆ ಮೈಗೆ ಹರಡುವುದಿಲ್ಲ. ಆ ಪರೀಕ್ಷೆ ಇಲ್ಲದೆ ಯಾವ ಜಾತಿಯ ಕ್ಯಾನ್ಸರ್, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ತಿಳಿಯುವುದಿಲ್ಲ, ಚಿಕಿತ್ಸೆಯೂ ಶುರುವಾಗುವುದಿಲ್ಲ. ಚಿಗವ್ವನ ಮೇಲೆ ನನಗೆ ಸಿಟ್ಟಿಲ್ಲ. ಆಕೆಗೆ ಹೆದರಿಕೆಯಾಗಿತ್ತು, ಹೇಳಿಕೊಳ್ಳಲು ಒಬ್ಬರು ಇರಲಿಲ್ಲ.

ಅಲ್ಲಿ ಏನೇನು ನಡೆಯುತ್ತದೆ ಎಂದು ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ. ಮೊದಲು ಡಾಕ್ಟರ್ ಕೂರಿಸಿ, ಆಮೇಲೆ ಮಲಗಿಸಿ, ಬೆರಳುಗಳನ್ನು ಚಪ್ಪಟೆಯಾಗಿಟ್ಟು ಎರಡೂ ಎದೆ ಮತ್ತು ಕಂಕುಳನ್ನು ಒತ್ತಿ ನೋಡುತ್ತಾರೆ. ನಂತರ ಮ್ಯಾಮೊಗ್ರಾಂ. ನಿಂತುಕೊಂಡೇ ಮಾಡಿಸುವ ಎಕ್ಸ್‌ರೇ ಅದು. ಎರಡು ತಟ್ಟೆಗಳ ನಡುವೆ ಸ್ತನವನ್ನಿಟ್ಟು ಕೆಲವು ಸೆಕೆಂಡು ಒತ್ತಿ ಹಿಡಿಯುತ್ತಾರೆ. ಹಿಂಡಿದಂತಾಗುತ್ತದೆ, ಆದರೆ ಉಸಿರು ಬಿಗಿಹಿಡಿದು ಬಿಡುವಷ್ಟರಲ್ಲಿ ಮುಗಿದಿರುತ್ತದೆ. ಒಂದೊಂದು ಕಡೆಗೆ ಎರಡೆರಡು ಸಲ. ಆ ದಿನ ಪೌಡರ್, ಸೆಂಟ್ ಹಚ್ಚಿಕೊಳ್ಳಬೇಡಿ, ಚಿತ್ರದಲ್ಲಿ ಚುಕ್ಕೆಗಳಾಗಿ ಮೂಡಿ ಗೊಂದಲ ಮಾಡುತ್ತವೆ. ನಿಮ್ಮ ವಯಸ್ಸಿನಲ್ಲಿ ಜೊತೆಗೆ ಅಲ್ಟ್ರಾಸೌಂಡ್ ಕೂಡ ಬರೆದುಕೊಡಬಹುದು. ಅನುಮಾನವಿದ್ದರೆ ಸೂಜಿ ಬಯಾಪ್ಸಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೂಜಿ ಹಾಕಿ, ತೆಳ್ಳನೆಯ ಕೆಲವು ಎಳೆಗಳನ್ನು ತೆಗೆದು ಔಷಧದ ಡಬ್ಬಿಗೆ ಹಾಕುತ್ತಾರೆ. ಪ್ರತಿ ಸಲವೂ ಉಪಕರಣ "ಟಕ್" ಎಂದು ಸದ್ದು ಮಾಡುತ್ತದೆ. ಹೆಚ್ಚಿನವರು ಬೆಚ್ಚಿಬೀಳುವುದು ಆ ಸದ್ದಿಗೆ, ಅದಕ್ಕೇ ಮೊದಲೇ ಹೇಳಿದೆ. ಅವತ್ತೇ ಮನೆಗೆ ಬರಬಹುದು. ಮ್ಯಾಮೊಗ್ರಾಂನಲ್ಲಿ ಏನೂ ಕಾಣಲಿಲ್ಲ ಎಂದು ವರದಿ ಬಂದು, ಗಂಟು ಮಾತ್ರ ಕೈಗೆ ಸಿಗುತ್ತಲೇ ಇದ್ದರೆ, ಅಷ್ಟಕ್ಕೇ ಸುಮ್ಮನಾಗಬೇಡಿ. ಕೆಲವು ಗಡ್ಡೆಗಳು ಅದರಲ್ಲಿ ಕಾಣುವುದಿಲ್ಲ. "ಹಾಗಾದರೆ ಈ ಗಂಟು ಏನು?" ಎಂದು ಕೇಳಿಯೇ ಹೊರಗೆ ಬನ್ನಿ.

ಗಂಡಸು ಡಾಕ್ಟರ್ ಇದ್ದರೆ ಎಂದಿದ್ದೀರಿ. ಇದನ್ನು ಸಣ್ಣ ವಿಷಯ ಎಂದು ನಾನು ಹೇಳುವುದಿಲ್ಲ. ಅಪರಿಚಿತ ಗಂಡಸಿನ ಮುಂದೆ ರವಿಕೆ ಬಿಚ್ಚುವುದು ನಮ್ಮಲ್ಲಿ ಯಾವ ಹೆಣ್ಣುಮಗಳಿಗೂ ಸಲೀಸಲ್ಲ. ಲೇಡಿ ಡಾಕ್ಟರ್ ಬೇಕೆಂದು ಕೇಳಿ. ಇಲ್ಲದಿದ್ದರೆ ನರ್ಸ್ ಪಕ್ಕದಲ್ಲಿರಲಿ ಎನ್ನಿ, ಅದು ನಿಮ್ಮ ಹಕ್ಕು. ಮಗಳನ್ನೋ ಅಕ್ಕತಂಗಿಯನ್ನೋ ಒಳಗೆ ಕರೆದುಕೊಂಡೂ ಹೋಗಬಹುದು. ಲೇಡಿ ಡಾಕ್ಟರ್ ಸಿಗಲಿಲ್ಲವೆಂದು ವಾಪಸ್ ಬರುವುದೊಂದು ಬೇಡ.

ಮನೆಯಲ್ಲಿ ಮೊದಲು ಯಾರಿಗೆ ಹೇಳುವುದು? ನಿಮ್ಮ ಯಜಮಾನರ ಬಗ್ಗೆ ಕಾಗದದಲ್ಲಿ ಒಂದು ಸಾಲೂ ಇಲ್ಲ, ಹಾಗಾಗಿ ಅವರು ಹೇಗೆ ತೆಗೆದುಕೊಳ್ಳುತ್ತಾರೋ ನನಗೆ ತಿಳಿಯದು. ಆದರೂ ಇವತ್ತು ರಾತ್ರಿ ಹೇಳಿ. ಪೀಠಿಕೆ ಬೇಡ. "ಎದೆಯಲ್ಲಿ ಗಂಟು ಆಗಿದೆ, ಎರಡು ತಿಂಗಳಾಯಿತು. ಗುರುವಾರ ಹಾವೇರಿಗೆ ಹೋಗಬೇಕು, ನೀವೂ ಬನ್ನಿ." ವಾರದ ಹೆಸರು ಹಿಡಿದು ಹೇಳಿದರೆ ಮಾತು ನೋಡೋಣ ಬಿಡು ಎಂಬಲ್ಲಿಗೆ ಮುಗಿದುಹೋಗುವುದಿಲ್ಲ. ಅವರಿಗೆ ಬರಲಾಗದಿದ್ದರೆ ಆಶಾ ಅವರನ್ನೇ ಕೇಳಿ. ಬಾಗಿಲಿಂದ ಕಳಿಸಿದ್ದಕ್ಕೆ ಅವರು ಮುನಿಸಿಕೊಂಡಿರುವುದಿಲ್ಲ, ಇಂಥ ಬಾಗಿಲುಗಳನ್ನು ಅವರು ದಿನಾ ನೋಡುತ್ತಾರೆ.

ಮಗಳ ಮದುವೆಯ ಚಿಂತೆ ನನಗೆ ಅರ್ಥವಾಗುತ್ತದೆ. ಸ್ತನ ಕ್ಯಾನ್ಸರ್ ಅಂಟುರೋಗವಲ್ಲ. ನೂರು ರೋಗಿಗಳಲ್ಲಿ ಐದರಿಂದ ಹತ್ತು ಜನರಿಗಷ್ಟೇ ಅದು ತಂದೆತಾಯಿಯಿಂದ ಬಂದ ಜೀನ್‌ನ ದೋಷದಿಂದ ಬರುತ್ತದೆ. ಒಬ್ಬ ಚಿಗವ್ವನಿಗೆ ಬಂದಿತ್ತೆಂದು ಇಡೀ ವಂಶಕ್ಕೆ ಹಣೆಪಟ್ಟಿ ಕಟ್ಟಬೇಕಿಲ್ಲ. ಆಕೆಯ ಕಾಯಿಲೆಯ ವಿಷಯವನ್ನು ಡಾಕ್ಟರಿಗೆ ಮಾತ್ರ ಮರೆಯದೆ ತಿಳಿಸಿ. ನಿಮ್ಮ ವರದಿ ನಿಮ್ಮದು, ನಿಮ್ಮ ಒಪ್ಪಿಗೆಯಿಲ್ಲದೆ ಅದನ್ನು ಊರಿಗೆ ಹೇಳುವ ಅಧಿಕಾರ ಆಸ್ಪತ್ರೆಯವರಿಗಿಲ್ಲ. ಗುಟ್ಟು ಹೆಚ್ಚು ದಿನ ನಿಲ್ಲದಿರುವುದು ಕಾಯಿಲೆ ಬಲಿತಾಗಲೇ ಎಂಬುದನ್ನು ಚಿಗವ್ವನ ಮನೆಯಲ್ಲಿ ನೀವೇ ಕಂಡಿದ್ದೀರಿ. ಮದುವೆಯಲ್ಲಿ ಧಾರೆಯೆರೆಯಲು ನೀವು ಗಟ್ಟಿಯಾಗಿರಬೇಕಲ್ಲವೇ?

ಒಂದು ವೇಳೆ ಕ್ಯಾನ್ಸರ್ ಎಂದೇ ಬಂದರೂ ಸ್ತನ ಪೂರ್ತಿ ತೆಗೆಯಲೇಬೇಕೆಂದಿಲ್ಲ. ಗಂಟು ಸಣ್ಣದಿದ್ದರೆ ಅದನ್ನೂ ಸುತ್ತಲಿನ ಸ್ವಲ್ಪ ಭಾಗವನ್ನೂ ತೆಗೆದು ರೇಡಿಯೇಷನ್ ಕೊಡುತ್ತಾರೆ. ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೋ ವೆರೊನೇಸಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ಇಂಥ ರೋಗಿಗಳನ್ನು 20 ವರ್ಷ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೂರ್ತಿ ತೆಗೆದವರೂ ಉಳಿಸಿಕೊಂಡವರೂ ಬದುಕಿದ್ದು ಒಂದೇ ಪ್ರಮಾಣದಲ್ಲಿ. ಬೇಗ ಹೋದವರಿಗೆ ಹೀಗೆ ಆಯ್ಕೆ ಇರುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗಬೇಕಾಗಿ ಬಂದರೆ ಜಿಲ್ಲಾ ಆಸ್ಪತ್ರೆಯಿಂದಲೇ ರೆಫರಲ್ ಚೀಟಿ ಬರೆಸಿಕೊಳ್ಳಿ. ಆಧಾರ್, ರೇಷನ್ ಕಾರ್ಡ್ ಮೊದಲ ದಿನವೇ ಚೀಲದಲ್ಲಿರಲಿ.

ಮಗಳಿಗೆ ಏನು ಹೇಳುವುದು? ತಿಂಗಳಿಗೊಮ್ಮೆ ಲೆಕ್ಕವಿಟ್ಟು ಎದೆ ಪರೀಕ್ಷಿಸಿಕೊಳ್ಳಬೇಕು ಎಂಬ ಪಾಠ ಹಿಂದೆ ಎಲ್ಲೆಡೆ ಇತ್ತು. ಶಾಂಘೈನ ಬಟ್ಟೆ ಗಿರಣಿಗಳಲ್ಲಿ ದುಡಿಯುವ 2,66,000 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಅದರಿಂದ ಸಾವು ಕಡಿಮೆಯಾಗಲಿಲ್ಲ, ಬೇಡದ ಬಯಾಪ್ಸಿಗಳು ಹೆಚ್ಚಾದವು. ಹಾಗಾಗಿ ಮಗಳಿಗೆ ಆ ಕಟ್ಟುಪಾಡು ಬೇಕಿಲ್ಲ. ಸ್ನಾನ ಮಾಡುವಾಗ, ಬಟ್ಟೆ ಬದಲಿಸುವಾಗ ತನ್ನ ಮೈ ಹೇಗಿದೆ ಎಂಬ ಪರಿಚಯ ಇದ್ದರೆ ಸಾಕು. ಹೊಸ ಗಂಟು, ಚರ್ಮ ಒಳಕ್ಕೆ ಜಗ್ಗಿದಂತಾಗುವುದು, ನೆಟ್ಟಗಿದ್ದ ತೊಟ್ಟು ಒಳಸರಿಯುವುದು, ತೊಟ್ಟಿನಿಂದ ರಕ್ತ ಬರುವುದು, ಕಂಕುಳಲ್ಲಿ ಗಡ್ಡೆ: ಯಾವುದು ಕಂಡರೂ ಅವ್ವನಿಗೆ ಹೇಳಬೇಕು ಎಂದು ತಿಳಿಸಿ. ನಿಮ್ಮ ಗಂಟಿನ ವಿಷಯವನ್ನು ಆಕೆಗೆ ನೀವೇ ಹೇಳಿದರೆ ನಾಳೆ ಆಕೆಗೂ ಹೇಳಲು ಬಾಯಿ ಬರುತ್ತದೆ.

ಇನ್ನು ಅತ್ತೆಯವರ ಮಾತು. "ಇಲ್ಲದ ರೋಗ ಹುಡುಕುವುದ್ಯಾಕೆ" ಎನ್ನುವವರು ಅವರೊಬ್ಬರೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಹೆಂಗಸರನ್ನು ಕೇಳಿದಾಗ, ಕ್ಯಾನ್ಸರ್‌ಗಾಗಿ ಎಂದಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ಶೇ. 0.9. ನೂರಕ್ಕೆ ಒಬ್ಬರೂ ಪೂರ್ತಿ ಇಲ್ಲ. ಆದರೆ ಹುಡುಕಿದ್ದರಿಂದ ಏನಾಯಿತು ಎಂಬುದಕ್ಕೆ ನಮ್ಮ ದೇಶದಲ್ಲೇ ಉತ್ತರವಿದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ತರಬೇತಾದ ಆರೋಗ್ಯ ಕಾರ್ಯಕರ್ತೆಯರ ಕೈಯಿಂದ ಸ್ತನ ಪರೀಕ್ಷೆ ಮಾಡಿಸಿದರು. ಯಂತ್ರವಿಲ್ಲ, ಬರೀ ಕೈ. 20 ವರ್ಷಗಳ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಪರೀಕ್ಷೆಯಾದವರಲ್ಲಿ ಕಾಯಿಲೆ ಬೇಗ ಪತ್ತೆಯಾಗಿತ್ತು, 50 ದಾಟಿದವರಲ್ಲಿ ಈ ಕ್ಯಾನ್ಸರ್‌ನಿಂದಾಗುವ ಸಾವು ಸುಮಾರು ಶೇ. 30ರಷ್ಟು ಇಳಿದಿತ್ತು. 50ರ ಒಳಗಿನವರಲ್ಲಿ ಸಾವಿನ ಇಳಿಕೆ ಕಾಣಲಿಲ್ಲ.

ಅಂದರೆ ಆಶಾ ಕರೆದ ಆ ಕೈ ಪರೀಕ್ಷೆಯಿಂದ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಲಾಭ ಅತ್ತೆಯವರಿಗೇ. ಸರಕಾರದ ತಪಾಸಣೆ 65 ವರ್ಷದವರೆಗಿನ ಹೆಂಗಸರಿಗಿದೆ. ನಿಮ್ಮ ಆಸ್ಪತ್ರೆ ಕೆಲಸ ಒಂದು ಹಂತಕ್ಕೆ ಬರಲಿ, ಆಮೇಲೆ, ಆ ವಯಸ್ಸಿನೊಳಗಿದ್ದರೆ, ಅವರನ್ನು ಉಪಕೇಂದ್ರಕ್ಕೆ ಕರೆದುಕೊಂಡು ಹೋಗಿ. ವರದಿ ಬಂದ ಮೇಲೆ, ಏನೇ ಬಂದಿರಲಿ, ನನಗೊಂದು ಕಾಗದ ಬರೆಯಿರಿ.