ಪರದೆಯ ಮೇಲಿನ ವ್ಯಾಯಾಮ ಚಿಕಿತ್ಸೆ

2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ತಲಪಾಡಿಯ ಗಡಿ ಮುಚ್ಚಿದುದನ್ನು ನಮ್ಮ ಜಿಲ್ಲೆಯವರು ಮರೆತಿರಲಾರರು. ಕಷ್ಟದ ಕಾಯಿಲೆಗಳಿಗೆ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಕಂಗೆಟ್ಟರು. ಕೆಲವರು ಚಿಕಿತ್ಸೆ ದೊರೆಯದೆ ತೀರಿಕೊಂಡರು. ವೈದ್ಯರು ಕೆಲವೇ ಮೈಲಿಗಳಾಚೆ ಇದ್ದರೂ ನಮಗೆ ಎಟುಕದಿರಬಹುದೆಂಬುದು ಆಗ ತಿಳಿಯಿತು. ಅದೇ ಜೂನ್‌ನಲ್ಲಿ ಕೇರಳದಲ್ಲಿ ‘ಇ-ಸಂಜೀವನಿ’ಯ ಮೂಲಕ ಮನೆಯಿಂದಲೇ ವೈದ್ಯರೊಡನೆ ಮಾತನಾಡುವ ಏರ್ಪಾಡು ಬಂದಿತು. ಮಾತ್ರೆಯ ಹೆಸರನ್ನು ದೂರದಿಂದ ಹೇಳಬಹುದು, ಸರಿ. ಕೈಹಿಡಿದು ಕಲಿಸಬೇಕಾದ ಫಿಸಿಯೋಥೆರಪಿಯನ್ನು, ಎಂದರೆ ವ್ಯಾಯಾಮ ಚಿಕಿತ್ಸೆಯನ್ನು, ಫೋನಿನ ಪರದೆಯಿಂದ ಕಲಿಸಬಹುದೆ?

ಈ ಪ್ರಶ್ನೆ ಮುಖ್ಯವಾಗಿ ದೀರ್ಘ ಕೋವಿಡ್ ಪೀಡಿತರದು. ಸೋಂಕು ತಗಲಿ ಮೂರು ತಿಂಗಳಾದ ಮೇಲೂ ಆಯಾಸ, ಏದುಸಿರು, ಮರವೆ ಮುಂತಾದುವು ಕಾಣಿಸಿಕೊಂಡು, ಎರಡು ತಿಂಗಳಾದರೂ ಇದ್ದು, ಅದಕ್ಕೆ ಬೇರೆ ಕಾರಣ ತೋರದಿದ್ದರೆ ಅದು ಈ ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ವಿವರಿಸಿತು. ಇಂಥವರು ನೋಡುವುದಕ್ಕೆ ಗಟ್ಟಿಯಾಗಿಯೇ ಇರುವುದುಂಟು. ಮೈಗಳ್ಳರೆಂದು ಅವರನ್ನು ಹಳಿಯುವುದು ಅನ್ಯಾಯವೆಂದೇ ನಮ್ಮ ಎಣಿಕೆ.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಕೋವಿಡ್‌ನಿಂದ ಆಸ್ಪತ್ರೆ ಸೇರಿ ಮರಳಿದ 585 ಮಂದಿಯಲ್ಲಿ ಒಂದು ತಂಡಕ್ಕೆ ಎಂಟು ವಾರ ಪರದೆಯ ಮೂಲಕ ವ್ಯಾಯಾಮವನ್ನೂ ಮನಸ್ಸಿಗೆ ಧೈರ್ಯವನ್ನೂ ಕೊಟ್ಟರು. ಇನ್ನೊಂದಕ್ಕೆ ಒಂದೇ ಸಲ ಸಲಹೆ ಹೇಳಿದರು. 2024ರಲ್ಲಿ ಪ್ರಕಟವಾದ ಫಲದಂತೆ ಮೊದಲಿನ ತಂಡದವರು ಹೆಚ್ಚು ಸುಧಾರಿಸಿದ್ದರು, ವರ್ಷದ ಮೇಲೂ ಆ ಲಾಭ ಉಳಿದಿತ್ತು. ಲಾಭವು ದೊಡ್ಡದಲ್ಲ, ಆದರೆ ಮನೆ ಬಿಟ್ಟು ಹೊರಡಲಾರದವನಿಗೆ ಅದು ಸಣ್ಣದೂ ಅಲ್ಲ.

ಚಿಕಿತ್ಸಕರು ದೂರದಿಂದಲೇ ರೋಗಿಯ ಬಲವನ್ನು ಅಳೆಯುವ ಒಂದು ಬಗೆಯನ್ನು ನೋಡಿರಿ. ಗೋಡೆಗೆ ಆನಿಸಿಟ್ಟ ಕುರ್ಚಿಯಿಂದ ಕೈಯೂರದೆ ಎದ್ದು ಕೂಡುವುದು. ಒಂದು ನಿಮಿಷದಲ್ಲಿ ಎಷ್ಟು ಸಲವಾಯಿತೆಂದು ಎಣಿಸುವುದು. ಮೊದಲೂ ಕೊನೆಗೂ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿ ನೋಡಬೇಕು. ಅಂಕವು 3 ಅಥವಾ ಹೆಚ್ಚು ಇಳಿದರೆ ಎಚ್ಚರಿಕೆ ಬೇಕು. ಚಿಕಿತ್ಸಕರ ಅಪ್ಪಣೆಯಿಲ್ಲದೆ ಇದನ್ನು ಮಾಡತಕ್ಕದ್ದಲ್ಲ. ಎದೆನೋವೋ ತಲೆಸುತ್ತೋ ಬಂದರೆ ಕೂಡಲೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು; ಅಲ್ಲಿ ಪರದೆ ಸಾಲದು.

ದಿನದಿನಕ್ಕೆ ವ್ಯಾಯಾಮ ಹೆಚ್ಚಿಸಿದರೆ ಬಲ ಬರುವುದೆಂದು ನಾವು ಗರಡಿಮನೆಯಿಂದ ಕಲಿತಿದ್ದೇವಷ್ಟೆ? ಈ ರೋಗದಲ್ಲಿ ಅನೇಕರಿಗೆ ಅದು ಸಲ್ಲದು. ಇಂದು ಹುರುಪಿನಿಂದ ತೋಟಕ್ಕಿಳಿದು ಅಡಕೆ ಹೆಕ್ಕಿ, ಬಾವಿಯಿಂದ ನೀರು ಸೇದಿದವನು ನಾಳೆಯೋ ನಾಡಿದ್ದೋ ಹಾಸಿಗೆ ಹಿಡಿಯುತ್ತಾನೆ. ಅಂಥವನಿಗೆ ಸುಸ್ತಾಗುವ ಮುನ್ನವೇ ಕುಳಿತುಕೊಳ್ಳುವುದನ್ನು ಕಲಿಸುತ್ತಾರೆ: ಅರ್ಧ ಬುಟ್ಟಿ ಹೆಕ್ಕಿ ವಿಶ್ರಾಂತಿ, ಒಂದು ಕೊಡ ಸೇದಿ ವಿಶ್ರಾಂತಿ. ಮೈಮುಟ್ಟುವ ಅಗತ್ಯವಿಲ್ಲದ ಈ ಪಾಠಕ್ಕೆ ಫೋನು ಸಾಕು.

ಗುಡ್ಡದ ಮರೆಯ ಮನೆಗಳಲ್ಲಿ ರೇಂಜ್ ಸಿಗದಿರುವುದು ಬೇರೊಂದು ತೊಡಕು. ಅಂಗಳದ ಯಾವ ಮೂಲೆಯಲ್ಲಿ ಸಿಗುವುದೆಂದು ಮಕ್ಕಳಿಗೆ ಗೊತ್ತು. ಅಜ್ಜನ ಕುರ್ಚಿಯನ್ನು ಅಲ್ಲಿಯ ಗೋಡೆಗೆ ಒತ್ತಿ ಇಟ್ಟು, ಮೊಣಕಾಲು ಕಾಣುವಂತೆ ಫೋನನ್ನು ಪಕ್ಕದಿಂದ ಹಿಡಿಯಿರಿ. ಎಣಿಕೆಯನ್ನು ಪುಸ್ತಕದಲ್ಲಿ ಬರೆಯಿರಿ. ಮುಂದಿನ ಮೂರು ದಿನ ಅಜ್ಜನಿಗೆ ಎಷ್ಟು ಆಯಾಸವಾಯಿತೆಂಬುದನ್ನೂ ಅದರ ಪಕ್ಕದಲ್ಲಿ ಬರೆದಿಡಿರಿ. ಚಿಕಿತ್ಸಕರು ಮುಂದಿನ ಸಲ ಮೊದಲು ಕೇಳುವುದು ಅದನ್ನೇ.