ಅಪ್‌ಗ್ರೇಡ್ ಆದ ಮೇಲೆ ಚಾರ್ಜ್ ನಿಲ್ಲದಿದ್ದರೆ: ಶಾಮನೂರು ರಸ್ತೆಯ ರಿಪೇರಿ ಮೇಜಿನಿಂದ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ದಿನಾಂಕ ಹತ್ತಿರವಾಗುತ್ತಿದ್ದ ಹಾಗೆ ದಾವಣಗೆರೆಯಲ್ಲೂ ಹರಿಹರದಲ್ಲೂ ಜನ ಕೈಯಲ್ಲಿದ್ದ ಲ್ಯಾಪ್‌ಟಾಪನ್ನೇ ವಿಂಡೋಸ್ 11ಕ್ಕೆ ಏರಿಸಿಕೊಂಡರು. ಶಾಮನೂರು ರಸ್ತೆ ಎಂದರೆ ಬಾಪೂಜಿ ಇಂಜಿನಿಯರಿಂಗ್ ಕಾಲೇಜು, ಹಾಸ್ಟೆಲ್‌ಗಳು, ಪಿ.ಜಿ.ಗಳು. ಹಾಗಾಗಿ ನನ್ನ ಮೇಜಿನ ಮುಂದೆ ಲ್ಯಾಪ್‌ಟಾಪ್ ಇಳಿಸುವವರಲ್ಲಿ ವಿದ್ಯಾರ್ಥಿಗಳೇ ಹೆಚ್ಚು. ಈಗೀಗ ಅವರು ಬ್ಯಾಗಿನ ಜಿಪ್ ತೆಗೆಯುತ್ತಲೇ ಹೇಳುವ ಮಾತು ಒಂದೇ: "ಅಪ್‌ಡೇಟ್ ಆದ್ಮ್ಯಾಲೆ ಚಾರ್ಜೇ ನಿಲ್ತಿಲ್ಲ ಸರ್, ಬ್ಯಾಟ್ರಿ ಹೋಗೇತೇನ್ರಿ?"

ಎಷ್ಟೋ ಸಲ ಹೋಗಿರುವುದಿಲ್ಲ. ಆದರೂ ಎರಡೂ ಊರುಗಳಲ್ಲಿ ಇದೇ ಕಾರಣಕ್ಕೆ ಹೊಸ ಬ್ಯಾಟರಿ ಹಾಕಿಸಿಕೊಂಡು ಸಾವಿರಾರು ರೂಪಾಯಿ ಕಳೆದುಕೊಂಡವರನ್ನು ಕಂಡಿದ್ದೇನೆ. ಹಾಸ್ಟೆಲ್ ಹುಡುಗನಿಗೆ ಅದು ಒಂದು ತಿಂಗಳ ಮೆಸ್ ಬಿಲ್ಲು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

1. ಮೊದಲು ಅಳೆಯಿರಿ, ಆಮೇಲೆ ಮಾತು

ಚಾರ್ಜ್ ಬೇಗ ಇಳಿಯುವುದಕ್ಕೆ ಎರಡು ಕಾರಣ ಇರಬಹುದು: ಮನೆ ಮೇಲಿನ ಟ್ಯಾಂಕೇ ಸಣ್ಣದಾಗಿದೆ, ಇಲ್ಲವೇ ಕೆಳಗೆ ಎಲ್ಲೋ ನಲ್ಲಿ ಜೋರಾಗಿ ಬಿಟ್ಟಿದೆ. ಮೊದಲನೆಯದು ಬ್ಯಾಟರಿಯ ಸವಕಳಿ, ಎರಡನೆಯದು ಯಂತ್ರದ ಬಳಕೆ. ಇವೆರಡನ್ನು ಬೇರ್ಪಡಿಸದೆ ಸ್ಕ್ರೂ ಬಿಚ್ಚಬಾರದು.

ಬೇರ್ಪಡಿಸುವ ಸಾಧನ ವಿಂಡೋಸ್ ಒಳಗೇ ಇದೆ, ದುಡ್ಡು ಬೇಕಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ಬ್ಯಾಟರಿರಿಪೋರ್ಟ್ ಎಂದು ಸೇರಿಸಿ ಎಂಟರ್ ಒತ್ತಿ. ಬ್ರೌಸರಿನಲ್ಲಿ ತೆರೆಯುವ ವರದಿಯೊಂದು ಸಿದ್ಧವಾಗುತ್ತದೆ. ಅದು ಎಲ್ಲಿದೆ ಎಂದು ಅಲ್ಲೇ ತೋರಿಸುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿದ್ದರೆ ಸಾಮಾನ್ಯವಾಗಿ ಸಿಸ್ಟಮ್32 ಫೋಲ್ಡರಿನಲ್ಲಿರುತ್ತದೆ, ಕಾಣಲಿಲ್ಲ ಎಂದು ಗಾಬರಿಯಾಗಬೇಡಿ.

ವರದಿಯಲ್ಲಿ ಎರಡು ಸಾಲು ನೋಡಿ. ಡಿಸೈನ್ ಕೆಪಾಸಿಟಿ ಎಂದರೆ ಕಾರ್ಖಾನೆಯಿಂದ ಬಂದಾಗಿನ ಸಾಮರ್ಥ್ಯ, ಫುಲ್ ಚಾರ್ಜ್ ಕೆಪಾಸಿಟಿ ಎಂದರೆ ಈಗ ಉಳಿದಿರುವುದು. 42,000 ಮಿಲಿವ್ಯಾಟ್-ಅವರ್ ಇದ್ದದ್ದು 37,000 ತೋರಿಸಿದರೆ ಬ್ಯಾಟರಿಯನ್ನು ಮುಟ್ಟಬೇಡಿ. 20,000ಕ್ಕೆ ಬಂದಿದ್ದರೆ ಅದರ ಕಾಲ ಮುಗಿದಿದೆ. ಇನ್ನೂ ಕೆಳಗೆ ಹೋದರೆ ಹಿಂದಿನ ವಾರಗಳ ಸಾಮರ್ಥ್ಯದ ಪಟ್ಟಿ ಇರುತ್ತದೆ. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಅದಕ್ಕಿಂತ ಬೆಲೆಬಾಳುವ ಭಾಗ ಇಲ್ಲ. ಸಾಮರ್ಥ್ಯ ತಿಂಗಳುಗಟ್ಟಲೆಯಿಂದ ಇಳಿಯುತ್ತಲೇ ಬಂದಿದ್ದರೆ ಅಪ್‌ಗ್ರೇಡನ್ನು ದೂರುವುದರಲ್ಲಿ ಅರ್ಥವಿಲ್ಲ. ಸವೆದದ್ದು ಮೊದಲೇ, ಗಮನಕ್ಕೆ ಬಂದದ್ದು ಈಗ. ಸೈಕಲ್ ಕೌಂಟ್ ಎಂಬ ಸಾಲು ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಖಾಲಿ ಇರುತ್ತದೆ, ಅದನ್ನು ನಂಬಿ ಕೂರಬೇಡಿ.

2. ಲೆಕ್ಕ ಗಂಟೆಯಲ್ಲಿ ಅಲ್ಲ, ವ್ಯಾಟ್‌ನಲ್ಲಿ

"ಮೊದಲು ಆರು ತಾಸು ಬರ್ತಿತ್ತು, ಈಗ ಮೂರು" ಎನ್ನುತ್ತಾರೆ. 42 ವ್ಯಾಟ್-ಅವರ್ ಬ್ಯಾಟರಿಯಿಂದ ಯಂತ್ರ 7 ವ್ಯಾಟ್ ಎಳೆದರೆ ಆರು ತಾಸು, 14 ವ್ಯಾಟ್ ಎಳೆದರೆ ಮೂರು. ಬ್ಯಾಟರಿ ಒಂದಿಷ್ಟೂ ಕೆಡದೆ ಸಮಯ ಅರ್ಧವಾಗುವುದು ಹೀಗೆ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಚಾರ್ಜರ್ ತೆಗೆದ ಕೂಡಲೇ ಎಷ್ಟು ವ್ಯಾಟ್ ಹರಿಯುತ್ತಿದೆ ಎಂದು ತೋರಿಸುತ್ತದೆ. ಬ್ರೈಟ್‌ನೆಸ್ ಅರ್ಧಕ್ಕಿಟ್ಟು, ಎಲ್ಲ ಮುಚ್ಚಿ, ಹತ್ತು ನಿಮಿಷ ಸುಮ್ಮನೆ ಬಿಟ್ಟು ಆ ಸಂಖ್ಯೆ ಬರೆದಿಟ್ಟುಕೊಳ್ಳಿ. ಮುಂದೆ ಏನೇ ಬದಲಿಸಿದರೂ ಅದೇ ಸಂಖ್ಯೆಗೆ ಹೋಲಿಸಿ.

3. ಮೊದಲ ಮೂರು-ನಾಲ್ಕು ದಿನ ಯಾವ ತೀರ್ಮಾನವೂ ಬೇಡ

ಅಪ್‌ಗ್ರೇಡ್ ಮುಗಿಯಿತು ಎಂದು ಪರದೆ ಹೇಳಿದರೂ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಹುಡುಕಾಟದ ಇಂಡೆಕ್ಸ್ ಹೊಸದಾಗಿ ಕಟ್ಟಬೇಕು, ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಕಡತಗಳನ್ನು ಜಾಲಾಡಬೇಕು, ಸ್ಟೋರಿನ ಆ್ಯಪ್‌ಗಳು ಹೊಸದಾಗಬೇಕು, ಒನ್‌ಡ್ರೈವ್ ಸಿಂಕ್ ಆಗಬೇಕು. ಚಾರ್ಜರ್ ಹಾಕಿ, ವೈಫೈ ಕೊಟ್ಟು, ಸ್ಲೀಪ್ ಆಗದಂತೆ ಒಂದು ರಾತ್ರಿ ಬಿಡಿ. ಎಷ್ಟೋ ದೂರುಗಳು ಅಲ್ಲಿಗೇ ಮುಗಿಯುತ್ತವೆ. ಬ್ಯಾಟರಿ ಉಳಿಸಲು ಡಿಫೆಂಡರನ್ನೇ ಆಫ್ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಭದ್ರತೆಗೆಂದು ಮಾಡಿದ ಅಪ್‌ಗ್ರೇಡು, ಅದರ ಫಲವನ್ನೇ ಕಳೆದುಕೊಂಡಂತಾಗುತ್ತದೆ.

4. ಡ್ರೈವರ್ ನೋಡದೆ ಬ್ಯಾಟರಿ ಬಿಚ್ಚಬೇಡಿ

ಕಡೆಯ ವರ್ಷದ ವಿದ್ಯಾರ್ಥಿಯೊಬ್ಬ ತಂದ ಯಂತ್ರ ಒಳ್ಳೆಯ ಉದಾಹರಣೆ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್. ಒಂದು ಪ್ರೊಸೆಸರಿನ ಒಳಗಿನದು, ಇನ್ನೊಂದು ಪ್ರತ್ಯೇಕ ಚಿಪ್. ವರದಿಯ ಪ್ರಕಾರ ಬ್ಯಾಟರಿ ಗಟ್ಟಿಯಾಗಿಯೇ ಇತ್ತು. ಆದರೆ ಪರದೆಯ ಮೇಲೆ ಏನೂ ತೆರೆದಿರದಿದ್ದರೂ ಫ್ಯಾನ್ ಒಂದೇ ಸಮನೆ ಸುತ್ತುತ್ತಿತ್ತು, ಕೀಬೋರ್ಡಿನ ಮುಂದೆ ಅಂಗೈ ಊರುವ ಜಾಗ ಬೆಚ್ಚಗಿತ್ತು. ಸುಮ್ಮನೆ ಕೂತ ಯಂತ್ರ ಬೆಚ್ಚಗಾದರೆ ಕರೆಂಟು ಎಲ್ಲೋ ಖರ್ಚಾಗುತ್ತಿದೆ ಎಂದೇ ಅರ್ಥ. ಪ್ರತ್ಯೇಕ ಚಿಪ್ ಕೆಲಸವಿಲ್ಲದಾಗ ನಿದ್ರೆಗೆ ಹೋಗಬೇಕು, ಇಲ್ಲಿ ಹೋಗುತ್ತಿರಲಿಲ್ಲ. ತಯಾರಕರು ಆ ಮಾಡೆಲ್‌ಗೆಂದೇ ಕೊಟ್ಟಿದ್ದ ಡ್ರೈವರಿನ ಜಾಗದಲ್ಲಿ ಅಪ್‌ಗ್ರೇಡ್ ಹೊತ್ತಿಗೆ ಸಾಮಾನ್ಯ ಡ್ರೈವರ್ ಕೂತುಬಿಟ್ಟಿತ್ತು.

ಮಾಡಿದ್ದು ಇಷ್ಟು: ತಳಭಾಗದ ಸ್ಟಿಕ್ಕರಿನಲ್ಲಿರುವ ಪೂರ್ಣ ಮಾಡೆಲ್ ನಂಬರ್ ಹಿಡಿದು ತಯಾರಕರ ತಾಣದಿಂದಲೇ ಮೊದಲು ಚಿಪ್‌ಸೆಟ್, ಆಮೇಲೆ ಪವರ್ ಮ್ಯಾನೇಜ್‌ಮೆಂಟ್, ಕೊನೆಗೆ ಗ್ರಾಫಿಕ್ಸ್ ಡ್ರೈವರ್ ಹಾಕಿದೆ. ರೀಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೆ ಫ್ಯಾನ್ ನಿಂತಿತು. "ಅಷ್ಟೇನಾ ಸರ್?" ಎಂದ ಹುಡುಗ. ಅಷ್ಟೇ. ಅವನು ಕೇಳಿಕೊಂಡು ಬಂದಿದ್ದು ಹೊಸ ಬ್ಯಾಟರಿಯ ರೇಟು.

ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಪ್ಲೇ ಅಡಾಪ್ಟರ್ ಅಡಿಯಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್ಪ್ಲೇ ಅಡಾಪ್ಟರ್ ಎಂದು ಕಂಡರೆ ಸರಿಯಾದ ಡ್ರೈವರ್ ಇಲ್ಲ ಎಂದೇ ತಿಳಿಯಿರಿ. ಪರದೆಯ ರಿಫ್ರೆಶ್ ರೇಟ್ 144ರಲ್ಲಿದ್ದರೆ ಓದು-ಬರಹದ ಹೊತ್ತಿಗೆ 60ಕ್ಕೆ ಇಳಿಸಿ. ಪವರ್ ಮೋಡ್ ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಹೋಗಿದೆಯೇ ಎಂದೂ ನೋಡಿ. ಡ್ರೈವರ್ ಹುಡುಕಿಕೊಡುತ್ತೇವೆ ಎನ್ನುವ ಥರಾವರಿ ತಂತ್ರಾಂಶಗಳನ್ನು ಮಾತ್ರ ಹತ್ತಿರ ಸೇರಿಸಬೇಡಿ.

5. ಮುಚ್ಚಳ ಮುಚ್ಚಿದರೆ ಮಲಗಿತು ಎಂದಲ್ಲ

ಹರಿಹರದಿಂದ ದಿನಾ ಬಸ್ಸಿನಲ್ಲಿ ಓಡಾಡುವವರ ದೂರು ಬೇರೆ ಬಗೆಯದು: ರಾತ್ರಿ ತುಂಬಾ ಚಾರ್ಜ್ ಇತ್ತು, ಬೆಳಿಗ್ಗೆ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಬ್ಯಾಗು ಬಿಸಿ, ಲ್ಯಾಪ್‌ಟಾಪ್ ಸತ್ತಿದೆ. ಹಳೆಯ ಯಂತ್ರಗಳಲ್ಲಿ ಎಸ್3 ಎಂಬ ನಿದ್ರೆಯಿತ್ತು. ಮೆಮೊರಿಗೆ ಬಿಟ್ಟು ಬೇರೆಲ್ಲಕ್ಕೂ ಬಹುತೇಕ ಕರೆಂಟು ನಿಲ್ಲುತ್ತಿತ್ತು. ಹೊಸ ಯಂತ್ರಗಳಲ್ಲಿ ಹೆಚ್ಚಾಗಿ ಇರುವುದು ಮಾಡರ್ನ್ ಸ್ಟ್ಯಾಂಡ್‌ಬೈ. ಅದು ಫೋನಿನ ರೀತಿ. ಪರದೆ ಆರಿದರೂ ಒಳಗೆ ಜಾಲದ ಸಂಪರ್ಕ, ಮೇಲ್, ಅಪ್‌ಡೇಟ್ ನಡೆಯಬಹುದು. ಯಾವುದೋ ಒಂದು ಡ್ರೈವರ್ ಹಟ ಹಿಡಿದರೆ ಯಂತ್ರ ಬ್ಯಾಗಿನೊಳಗೇ ಎದ್ದು ಕೂರುತ್ತದೆ.

ಅದೇ ಪವರ್‌ಸಿಎಫ್‌ಜಿ ಆದೇಶಕ್ಕೆ ಓರೆಗೆರೆಯ ಮುಂದೆ ಸ್ಲೀಪ್‌ಸ್ಟಡಿ ಎಂದು ಹಾಕಿದರೆ ನಿದ್ರೆಯಲ್ಲಿ ಎಷ್ಟು ಚಾರ್ಜ್ ಹೋಯಿತು, ಯಾರು ಎಬ್ಬಿಸಿದರು ಎಂದು ತಿಳಿಯುತ್ತದೆ. ಪರಿಹಾರ ಹೈಬರ್ನೇಟ್, ಅಂದರೆ ತೆರೆದಿದ್ದನ್ನೆಲ್ಲ ಡಿಸ್ಕಿಗೆ ಉಳಿಸಿ ಯಂತ್ರ ಆಫ್ ಆಗುವುದು. ಪವರ್ ಮೆನುವಿನಲ್ಲಿ ಅದು ಕಾಣದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಪವರ್ ಬಟನ್‌ನ ಕೆಲಸ ಆರಿಸುವ ಕಡೆ ಟಿಕ್ ಮಾಡಿ, ಮುಚ್ಚಳ ಮುಚ್ಚಿದಾಗಲೂ ಅದೇ ಆಗುವಂತೆ ಇಡಿ. ತೆರೆಯಲು ಕೆಲವು ಸೆಕೆಂಡ್ ಹೆಚ್ಚು ಬೇಕು, ಅಷ್ಟೆ.

6. ಕಂಪನಿಯದೇ ತಪ್ಪಿರುವುದೂ ಉಂಟು

ಅಪ್‌ಡೇಟ್ ಮೇಲೆ ಜನರಿಗಿರುವ ಅನುಮಾನ ಬರೀ ಅನುಮಾನವಲ್ಲ. 2019ರ ಆಗಸ್ಟ್ 30ರ ವಿಂಡೋಸ್ 10 ಅಪ್‌ಡೇಟ್ ಹಾಕಿದ ಕೆಲವರಲ್ಲಿ ಹುಡುಕಾಟದ ಪ್ರೋಗ್ರಾಂ ಪ್ರೊಸೆಸರನ್ನು ಅತಿಯಾಗಿ ದುಡಿಸಿತು; ಸೆಪ್ಟೆಂಬರ್ 10ಕ್ಕೆ ಸರಿಪಡಿಸಿದರು. 2022ರ ಫೆಬ್ರವರಿಯಲ್ಲಿ ಆಪಲ್ ಮ್ಯಾಕ್‌ಒಎಸ್ 12.2.1 ಬಿಟ್ಟಿತು. ಬ್ಲೂಟೂತ್ ಸಾಧನಗಳು ಜೋಡಣೆಯಾಗಿದ್ದ ಇಂಟೆಲ್ ಮ್ಯಾಕ್‌ಗಳ ಬ್ಯಾಟರಿ ನಿದ್ರೆಯಲ್ಲಿ ಇಳಿಯುತ್ತಿದ್ದ ತೊಂದರೆಗೆ ಅದರಲ್ಲಿ ಪರಿಹಾರವಿತ್ತು. ಹಳೆಯ ಬ್ಯಾಟರಿಯ ಐಫೋನ್‌ಗಳನ್ನು ಸಾಫ್ಟ್‌ವೇರ್ ಮೂಲಕ ನಿಧಾನಗೊಳಿಸಿದ್ದನ್ನು ಅದೇ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಬಳಕೆದಾರರಿಗೆ ತಿಳಿಸದೆ ಹಾಗೆ ಮಾಡಿದ್ದಕ್ಕೆ ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೋ ದಂಡ ಹಾಕಿತು. ಹಾಗಾಗಿ ಮುಂದಿನ ಒಂದೆರಡು ಅಪ್‌ಡೇಟ್‌ಗಳನ್ನು ತಪ್ಪದೆ ಹಾಕಿ, ಕಾದು ನೋಡಿ.

7. ಉಬುಂಟು ಹಾಕಿದವರಿಗೆ

ಒಂದೇ ಮಾತು: ಕರೆಂಟಿನ ಬಳಕೆ ನೋಡಿಕೊಳ್ಳುವ ತಂತ್ರಾಂಶಗಳಾದ ಟಿಎಲ್‌ಪಿ ಮತ್ತು ಪವರ್ ಪ್ರೊಫೈಲ್ಸ್ ಡೀಮನ್ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ. ಆವೃತ್ತಿ ಏರಿಸಿದಾಗ ಎರಡನೆಯದು ತಾನಾಗಿ ಬಂದಿರಬಹುದು. ಒಂದು ಇಟ್ಟದ್ದನ್ನು ಇನ್ನೊಂದು ಬದಲಿಸುತ್ತದೆ.

8. ನಮ್ಮೂರಿನ ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿಯಿರಿ

ಲಿಥಿಯಂ-ಅಯಾನ್ ಬ್ಯಾಟರಿಯನ್ನು ಶಾಶ್ವತವಾಗಿ ಸವೆಸುವುದು ಬಿಸಿ, ಅದರಲ್ಲೂ ತುಂಬಿದ ಚಾರ್ಜಿನ ಜೊತೆಗಿನ ಬಿಸಿ. ಏಪ್ರಿಲ್-ಮೇನಲ್ಲಿ ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿ, ಹಾಸ್ಟೆಲ್ ಮಂಚದ ಹಾಸಿಗೆ, ಹಗಲಿಡೀ ಹಾಕಿದ ಚಾರ್ಜರ್, ಇವು ಯಾವ ಅಪ್‌ಗ್ರೇಡಿಗಿಂತಲೂ ಹೆಚ್ಚು ಹಾನಿ ಮಾಡುತ್ತವೆ. ಮೇಜಿನ ಮೇಲೆ ಚಾರ್ಜರ್ ಹಾಕಿಯೇ ದುಡಿಯುವವರು ತಯಾರಕರ ತಂತ್ರಾಂಶದಲ್ಲಿ ಶೇಕಡಾ 80ರ ಮಿತಿ ಇಡಬಹುದು. ಆಮೇಲೆ "ನೂರಕ್ಕೆ ಹೋಗ್ತಿಲ್ಲ" ಎಂದು ಓಡಿ ಬರುವವರೂ ಇದ್ದಾರೆ, ಮಿತಿ ಇಟ್ಟದ್ದು ನೆನಪಿರಲಿ.

9. ಹಿಂದಕ್ಕೆ ಹೋಗುವುದೋ, ಬ್ಯಾಟರಿ ಬದಲಿಸುವುದೋ

ಅಪ್‌ಗ್ರೇಡ್ ಆಗಿ ಹತ್ತು ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿ ಹಳೆಯ ಆವೃತ್ತಿಗೆ ಮರಳಬಹುದು, ವಿಂಡೋಸ್.ಓಲ್ಡ್ ಫೋಲ್ಡರ್ ಅಳಿಸಿರಬಾರದು. ಆದರೆ ಒಂದೆರಡು ತಾಸಿನ ಚಾರ್ಜಿಗಾಗಿ ಬೆಂಬಲ ನಿಂತ ವಿಂಡೋಸ್ 10ಕ್ಕೆ ಮರಳುವುದನ್ನು ನಾನು ಒಪ್ಪುವುದಿಲ್ಲ. ಬ್ಯಾಂಕು, ಯುಪಿಐ, ಪರೀಕ್ಷೆಯ ಅರ್ಜಿ, ಎಲ್ಲವೂ ಅದೇ ಯಂತ್ರದಲ್ಲಿ ನಡೆಯುತ್ತದೆ.

ಬ್ಯಾಟರಿಯೇ ಹೋಗಿದ್ದರೆ ಹಳೆಯದರ ಪಾರ್ಟ್ ನಂಬರ್ ಹಿಡಿದು ತರಿಸಿ. ಹಾಕಿಸಿದ ಕೂಡಲೇ ಅಂಗಡಿಯಲ್ಲೇ ಮತ್ತೊಮ್ಮೆ ಬ್ಯಾಟರಿ ರಿಪೋರ್ಟ್ ತೆಗೆಸಿ, ಲೇಬಲ್ ಮೇಲಿನ ವ್ಯಾಟ್-ಅವರ್ ಜೊತೆ ತಾಳೆ ನೋಡಿ. ತಾಳೆಯಾಗದಿದ್ದರೆ ಅಲ್ಲೇ ಕೇಳಿ.

ಟಚ್‌ಪ್ಯಾಡ್ ಉಬ್ಬಿದ್ದರೆ, ಒತ್ತಿದಾಗ ಕ್ಲಿಕ್ ಆಗದೆ ಬಿಗಿಯಾಗಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ವರದಿಯ ಸಂಖ್ಯೆ ನೋಡುತ್ತ ಕೂರಬೇಡಿ. ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜರ್ ಕಿತ್ತು, ಆಫ್ ಮಾಡಿ, ಒತ್ತದೆ ಚುಚ್ಚದೆ ತಂದುಕೊಡಿ. ತೆಗೆದ ಬ್ಯಾಟರಿ ಮನೆ ಮುಂದಿನ ಕಸದ ಗಾಡಿಗೆ ಹೋಗಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಬೇರೆ ಕಸದಿಂದ ಬೇರ್ಪಡಿಸಿ ಸಂಗ್ರಹಿಸುವವರಿಗೋ ಮರುಬಳಕೆಗೆ ಕಳಿಸುವವರಿಗೋ ಕೊಡಬೇಕು. ಬಿಚ್ಚಿಸಿದ ಅಂಗಡಿಯಲ್ಲೇ ಅದನ್ನು ಬಿಟ್ಟು, ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿ.