ಹಸಿರು ಗೋಡೆಯೂ ಬೀದಿಯ ತಂಪೂ

ಬೇಸಗೆಯಲ್ಲಿ ಸೂರ್ಯನು ಮುಳುಗಿ ಬಹಳ ಹೊತ್ತಾದ ಮೇಲೂ ಪಡುವಣ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಇಟ್ಟಿಗೆ, ಕಾಂಕ್ರೀಟುಗಳು ಹಗಲೆಲ್ಲ ಹೀರಿಕೊಂಡ ಶಾಖವನ್ನು ರಾತ್ರಿ ನಿಧಾನವಾಗಿ ಹೊರಸೂಸುತ್ತವೆ. ಎತ್ತರದ ಕಟ್ಟಡಗಳ ನಡುವಣ ಇಕ್ಕಟ್ಟಾದ ಬೀದಿಯಲ್ಲಿ ಈ ಶಾಖವು ಆಕಾಶಕ್ಕೆ ಸುಲಭವಾಗಿ ಹೊರಟುಹೋಗಲಾರದು. ನಗರದ ರಾತ್ರಿ ಹಳ್ಳಿಯ ರಾತ್ರಿಗಿಂತ ಬಿಸಿಯಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ. ಹಗಲ ಬಿಸಿಲಿನಲ್ಲಿ ಬೆಂದ ದೇಹಕ್ಕೆ ರಾತ್ರಿಯ ತಂಪೂ ದೊರೆಯದಿದ್ದರೆ, ವೃದ್ಧರಿಗೂ ರೋಗಿಗಳಿಗೂ ಪ್ರಾಣಾಪಾಯವೇ ಒದಗಬಹುದು.

ಇಂತಹ ಗೋಡೆಗೆ ಬಳ್ಳಿಯನ್ನು ಹಬ್ಬಿಸಿದರೆ, ಇಲ್ಲವೆ ಗಿಡಗಳನ್ನು ನೆಟ್ಟ ಚೌಕಟ್ಟುಗಳನ್ನು ಅಳವಡಿಸಿದರೆ ಆಗುವುದೇನು? ಮೊದಲನೆಯದು ನೆರಳು. ಬಿಸಿಲು ಗೋಡೆಗೆ ತಾಗುವ ಮೊದಲೇ ಎಲೆಗಳು ಅದನ್ನು ತಡೆಯುತ್ತವೆ. ಹಗಲು ಕಾಯದ ಗೋಡೆ ರಾತ್ರಿ ಸೂಸುವ ಶಾಖವೂ ಕಡಮೆ. ಎರಡನೆಯದು ಬಾಷ್ಪವಿಸರ್ಜನೆ. ಬೇರು ಹೀರಿದ ನೀರು ಎಲೆಯ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೊರಬೀಳುತ್ತದೆ. ಒಂದು ಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಲು ಸುಮಾರು 100 ಕ್ಯಾಲೊರಿ ಸಾಕು. ಅದೇ ನೀರು ಬೇಸಗೆಯ ಉಷ್ಣತೆಯಲ್ಲಿ ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. ಈ ಶಾಖವು ಎಲೆಯಿಂದಲೂ ಸುತ್ತಣ ಗಾಳಿಯಿಂದಲೂ ಬರುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ನಿಯಮದಿಂದ.

ಸಿಂಗಪುರದ ಹಾರ್ಟ್‌ಪಾರ್ಕ್ ಉದ್ಯಾನದಲ್ಲಿ ಎಂಟು ಬಗೆಯ ಹಸಿರು ಗೋಡೆಗಳನ್ನು ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಗೋಡೆಯ ಮೇಲ್ಮೈಯ ಉಷ್ಣತೆ ಗರಿಷ್ಠ 11.58 ಡಿಗ್ರಿ ಇಳಿಯಿತು. ಗೋಡೆ ತಣಿದರೆ ಬೀದಿಯೂ ತಣಿಯಿತೆಂದು ಅರ್ಥವೆ? ಹಾಗಲ್ಲ. ಅಲ್ಲಿಯೇ ಒಂದು ಬಗೆಯ ಗೋಡೆಯ ತಂಪು ಗಾಳಿಯಲ್ಲಿ 60 ಸೆಂಟಿಮೀಟರ್ ದೂರದವರೆಗೆ ಕಂಡುಬಂದಿತು. ಇನ್ನೊಂದರದು ಕಂಡೂ ಕಾಣದಷ್ಟು.

ಬೀದಿ ತಣಿಯಬೇಕಾದರೆ ಹಸಿರಿನ ವಿಸ್ತಾರ ಹೆಚ್ಚಬೇಕು. 2008ರಲ್ಲಿ ಅಲೆಕ್ಸಾಂಡ್ರಿ ಮತ್ತು ಜೋನ್ಸ್ ಎಂಬ ಸಂಶೋಧಕರು ಮುಂಬಯಿಯೂ ಸೇರಿದಂತೆ ಒಂಬತ್ತು ನಗರಗಳ ಹವೆಯನ್ನು ತೆಗೆದುಕೊಂಡು ಗಣಿತದ ಮೂಲಕ ಇದನ್ನು ಪರಿಶೀಲಿಸಿದರು. ಗೋಡೆ, ತಾರಸಿಗಳೆರಡಕ್ಕೂ ಹಸಿರನ್ನು ಹೊದಿಸಿದರೆ ಶುಷ್ಕ ಹವೆಯ ರಿಯಾಧಿನಲ್ಲಿ ಬೀದಿಯ ಗಾಳಿ ಗರಿಷ್ಠ 11.3 ಡಿಗ್ರಿ, ತೇವದ ಹವೆಯ ಹಾಂಗ್‌ಕಾಂಗಿನಲ್ಲಿ 8.4 ಡಿಗ್ರಿ ತಣಿಯಬಹುದೆಂದು ಅವರ ಲೆಕ್ಕ ತೋರಿಸಿತು.

ಒಣ ಗಾಳಿಯು ಆವಿಯನ್ನು ಬೇಗ ಸ್ವೀಕರಿಸುವುದರಿಂದ ಅಲ್ಲಿ ತಂಪು ಹೆಚ್ಚು. ಆದರೆ ನೀರು ದುರ್ಲಭವಾದುದೂ ಅಲ್ಲಿಯೇ. ನೀರಿಲ್ಲದೆ ಎಲೆ ಬಾಡಿದರೆ ನೆರಳೂ ಇಲ್ಲ, ಆವಿಯೂ ಇಲ್ಲ. ಆದಕಾರಣ ನೆಲದಲ್ಲಿಯೇ ಬೇರೂರುವ, ಬರವನ್ನು ತಾಳಬಲ್ಲ ಬಳ್ಳಿಗಳನ್ನು ಆರಿಸಿ, ಬಿಸಿಲು ಹೆಚ್ಚು ಬೀಳುವ ಮೂಡಣ, ಪಡುವಣ ಗೋಡೆಗಳಿಗೆ ಮೊದಲು ಹಬ್ಬಿಸುವುದು ಮೇಲು.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಒಂದೇ ದಿಕ್ಕಿಗೆ ಮುಖಮಾಡಿದ ಎರಡು ಗೋಡೆಗಳನ್ನು, ಒಂದು ಬರಿಯದು, ಒಂದು ಬಳ್ಳಿ ಹಬ್ಬಿದುದು, ಆರಿಸಿಕೊಂಡು ಎರಡಕ್ಕೂ ತಾಗುವಂತೆ ಉಷ್ಣಮಾಪಕಗಳನ್ನಿಟ್ಟು, ಮಧ್ಯಾಹ್ನ ಮೂರಕ್ಕೂ ರಾತ್ರಿ ಒಂಬತ್ತಕ್ಕೂ ಓದಿ ಬರೆದಿಟ್ಟರೆ, ನಾವು ಮೇಲೆ ಹೇಳಿದುದು ತಾನಾಗಿಯೇ ಸ್ಪಷ್ಟವಾಗುವುದು.